ಮಣಿ ಕೌಲ್‌ಗೆ ಕೊಟ್ಟ ದುಡ್ಡು ವೇಸ್ಟಾ?

ಕಳೆದ ಸೆಮ್‌ನಲ್ಲಿ ನಮ್ಮ ಕ್ಲಬ್‌ನಿಂದ ಸೆಮಿನಾರ್ ಹಾಲ್‌ನಲ್ಲಿ ‘ದುವಿಧಾ’ ಅನ್ನೋ ಹಿಂದಿ ಸಿನಿಮಾ ಹಾಕಿದ್ದು ಕೆಲವರಿಗೆ ನೆನಪಿರಬಹುದು. ಕನ್ನಡ ಕ್ಲಬ್ ಯಾಕೆ ಹಿಂದಿ ಸಿನಿಮಾ ಹಾಕ್ತು ಅಂದ್ರೆ, ಅದಕ್ಕೂ ಹಿಂದಿನ ವಾರ ನಾವು ಕಾರ್ನಾಡರ ‘ನಾಗಮಂಡಲ’ ಓದಿದ್ವಿ. ಎರಡರ ಕಥೆಯೂ ಅಕ್ಕಪಕ್ಕದ ಮನೆಯವರ ಹಾಗೆ. ಅಲ್ಲಿ ನಾಗ ಗಂಡನ ರೂಪ ತಾಳಿ ಬರ್ತಾನೆ, ಇಲ್ಲಿ ದೆವ್ವ.

ಶುರುವಿನಲ್ಲಿ ನಲವತ್ತು ಜನ ಇದ್ವಿ. ಅರ್ಧ ಗಂಟೆಗೆ ಹದಿನಾಲ್ಕು. ಮುಗಿಯೋ ಹೊತ್ತಿಗೆ ಒಂಬತ್ತು. ಅದರಲ್ಲಿ ಇಬ್ಬರು ಪ್ರೊಜೆಕ್ಟರ್ ವಾಪಸ್ ಕೊಡಬೇಕಿದ್ದ ವಾಲಂಟಿಯರ್‌ಗಳು, ಒಬ್ಬ ನಿದ್ದೆ ಹೋಗಿದ್ದ.

ಆಮೇಲೆ ಕ್ಯಾಂಟೀನ್‌ನಲ್ಲಿ ನನ್ನ ರೂಮ್‌ಮೇಟ್ ಗೂಗಲ್ ಮಾಡಿ ನೋಡಿ ಕೇಳಿದ: “ಇವನಿಗೆ ಸಿನಿಮಾ ಮಾಡೋಕೆ ಸರ್ಕಾರ ಸಾಲ ಕೊಟ್ಟಿತ್ತಂತೆ ಮಗಾ. ಯಾರೂ ನೋಡದ ಸಿನಿಮಾಗೆ ಜನರ ದುಡ್ಡು ಯಾಕೆ?” ಪ್ರಶ್ನೆ ಸರಿಯಾಗೇ ಇದೆ. “ನಿನಗೆ ಕಲೆ ಅರ್ಥ ಆಗಲ್ಲ ಬಿಡು” ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅದು ಉತ್ತರ ಅಲ್ಲ, ದುರಹಂಕಾರ. ನನಗೂ ಆ ಸಿನಿಮಾ ನಡುವೆ ಎರಡು ಸಲ ಬೋರ್ ಆಗಿತ್ತು. ಹಾಗಾಗಿ ನಿಜವಾದ ಉತ್ತರ ಹುಡುಕೋಕೆ ಸ್ವಲ್ಪ ಟೈಮ್ ಹಿಡೀತು.

ಮೊದಲು ಆಸಾಮಿ ಯಾರು ಅಂತ ಹೇಳ್ತೀನಿ. ಮಣಿ ಕೌಲ್ ಹುಟ್ಟಿದ್ದು 1944ರಲ್ಲಿ, ರಾಜಸ್ಥಾನದ ಜೋಧಪುರದಲ್ಲಿ. ಚಿಕ್ಕಪ್ಪ ಮಹೇಶ್ ಕೌಲ್ ಬಾಂಬೆ ಸಿನಿಮಾರಂಗದಲ್ಲಿ ನಿರ್ದೇಶಕರು. ಅಂದ್ರೆ ಮಣಿಗೆ ಇಂಡಸ್ಟ್ರಿಯ ಬಾಗಿಲು ತೆರೆದೇ ಇತ್ತು. ಆದರೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್‌ನಲ್ಲಿ ಋತ್ವಿಕ್ ಘಟಕ್ ಅವರ ಶಿಷ್ಯರಾಗಿ ಹೊರಬಂದ ಈ ಮನುಷ್ಯ ಆ ಬಾಗಿಲ ಕಡೆ ಹೋಗಲೇ ಇಲ್ಲ. ಇಪ್ಪತ್ತೈದರ ಆಸುಪಾಸಿನಲ್ಲಿ, ಅಂದ್ರೆ ನಮಗಿಂತ ಐದಾರು ವರ್ಷ ದೊಡ್ಡವರಿದ್ದಾಗ, ಮೊದಲ ಚಿತ್ರ ‘ಉಸ್ಕಿ ರೋಟಿ’ ಮಾಡಿದರು.

ಅದರ ಕಥೆ ಒಂದು ಸಾಲಿನದು. ಪಂಜಾಬಿನ ಹಳ್ಳಿಯ ಹೆಂಗಸು ಬಸ್ ಡ್ರೈವರ್ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ರಸ್ತೆ ಪಕ್ಕ ಕಾಯ್ತಾಳೆ. ಮೋಹನ್ ರಾಕೇಶ್ ಅವರ ಸಣ್ಣಕಥೆ ಅದು. ಇಲ್ಲಿ ನಮ್ಮಂಥವರಿಗೆ ಇಷ್ಟ ಆಗೋ ಒಂದು ವಿಷಯ ಇದೆ. ಇಡೀ ಸಿನಿಮಾಗೆ ಕೌಲ್ ಇಟ್ಟುಕೊಂಡಿದ್ದು ಎರಡೇ ಲೆನ್ಸ್: 28 ಎಂಎಂ ಮತ್ತು 135 ಎಂಎಂ. ಮೊದಲನೆಯದರಲ್ಲಿ ಹತ್ತಿರದ್ದೂ ದೂರದ್ದೂ ಎಲ್ಲ ಸ್ಪಷ್ಟ. ಎರಡನೆಯದರಲ್ಲಿ ಒಂದು ಮುಖ ಮಾತ್ರ ಫೋಕಸ್‌ನಲ್ಲಿ, ಸುತ್ತಲಿನದೆಲ್ಲ ಮಸುಕು. ಒಂದು ಲೆನ್ಸ್ ಹೊರಗೆ ನಿಜವಾಗಿ ನಡೆಯೋದಕ್ಕೆ, ಇನ್ನೊಂದು ಅವಳ ಮನಸ್ಸಿನಲ್ಲಿ ನಡೆಯೋದಕ್ಕೆ. ನೋಡುವವರಿಗೆ ಈ ರೂಲ್ ಅಭ್ಯಾಸ ಆಗ್ತಾ ಇದ್ದ ಹಾಗೇ ಬೇಕಂತಲೇ ಅದಲು ಬದಲು ಮಾಡ್ತಾರೆ. ಅವಳು ಕಾಯ್ತಿರೋದು ನಿಜವೋ, ಕಾಯೋದನ್ನ ಯೋಚಿಸ್ತಿರೋದೋ ಅನ್ನೋದು ಅವಳಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಬರೋದಾಗಿ ಹೇಳಿದವರಿಗಾಗಿ ಗಂಟೆಗಟ್ಟಲೆ ಕಾದವರಿಗೆ ಇದು ಅರ್ಥ ಆಗುತ್ತೆ.

ನಾವು ಲ್ಯಾಬ್‌ನಲ್ಲಿ ಮಾಡೋದೂ ಇದನ್ನೇ ಅಲ್ವಾ? ಬೇರೆಲ್ಲ ವೇರಿಯಬಲ್ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸಿ ಏನಾಗುತ್ತೆ ನೋಡೋದು. ನನ್ನ ವಾದ ಇಲ್ಲಿಂದ ಶುರು: ಮಣಿ ಕೌಲ್ ಸಿನಿಮಾಗಳನ್ನು ಪ್ರಾಡಕ್ಟ್ ಅಂತ ನೋಡಿದ್ರೆ ಫೇಲ್. ಪ್ರಯೋಗ ಅಂತ ನೋಡಿದ್ರೆ ಲೆಕ್ಕಾನೇ ಬೇರೆ.

ಈಗ ದುಡ್ಡಿನ ವಿಷಯ. ಕೇಂದ್ರ ಸರ್ಕಾರ 1960ರಲ್ಲಿ ಫಿಲಂ ಫೈನಾನ್ಸ್ ಕಾರ್ಪೊರೇಷನ್ ಅಂತ ಒಂದು ಸಂಸ್ಥೆ ಶುರು ಮಾಡಿತ್ತು. ಇವತ್ತಿನ ಎನ್‌ಎಫ್‌ಡಿಸಿಯ ಪೂರ್ವಜ. 1969ರಲ್ಲಿ ತಯಾರಾದ ಮೂರು ಚಿತ್ರಗಳಿಗೆ ಅದು ಸಾಲ ಕೊಟ್ಟಿತ್ತು: ಮೃಣಾಲ್ ಸೇನ್ ಅವರ ‘ಭುವನ್ ಶೋಮ್’, ಬಾಸು ಚಟರ್ಜಿ ಅವರ ‘ಸಾರಾ ಆಕಾಶ್’, ಕೌಲ್ ಅವರ ‘ಉಸ್ಕಿ ರೋಟಿ’. ಮೂರಕ್ಕೂ ಕ್ಯಾಮೆರಾಮನ್ ಒಬ್ಬರೇ, ಕೆ. ಕೆ. ಮಹಾಜನ್. ಸಾಲ ಕೊಟ್ಟವರು ಒಬ್ಬರೇ, ಕ್ಯಾಮೆರಾ ಹಿಡಿದವರು ಒಬ್ಬರೇ, ವರ್ಷವೂ ಒಂದೇ. ಫಲಿತಾಂಶ ಮಾತ್ರ ಮೂರು ಥರ. ‘ಭುವನ್ ಶೋಮ್’ ಜನಕ್ಕೆ ಇಷ್ಟ ಆಯ್ತು. ಬಾಸು ಚಟರ್ಜಿ ಮುಂದೆ ‘ರಜನೀಗಂಧಾ’, ‘ಛೋಟೀ ಸೀ ಬಾತ್’ ಥರದ ಚಿತ್ರ ಮಾಡಿ ಮನೆಮಾತಾದರು. ‘ಉಸ್ಕಿ ರೋಟಿ’ಗೆ ಸರಿಯಾದ ಬಿಡುಗಡೆಯೇ ಸಿಗಲಿಲ್ಲ.

ಈ ಮೂರರಲ್ಲಿ ಯಾವುದು ಓಡುತ್ತೆ ಅಂತ ಮೊದಲೇ ಯಾರಿಗೆ ಗೊತ್ತಿತ್ತು? ಗೊತ್ತಾಗೋ ಹಾಗಿದ್ದಿದ್ರೆ ಸರ್ಕಾರದ ಸಾಲ ಯಾಕೆ ಬೇಕಿತ್ತು, ಬಾಂಬೆಯ ಸೇಠ್‌ಗಳೇ ಕೊಡ್ತಿದ್ರು. ನಮ್ಮ ಡಿಪಾರ್ಟ್‌ಮೆಂಟ್‌ನ ಪ್ರಾಜೆಕ್ಟ್‌ಗಳಲ್ಲಿ ಎಷ್ಟು ಮಾರ್ಕೆಟ್‌ಗೆ ಹೋಗುತ್ತೆ? ಹಾಗಂತ ಲ್ಯಾಬ್ ಮುಚ್ಚಿ ಅಂತ ಯಾರಾದ್ರೂ ಹೇಳ್ತಾರಾ?

ಹೇಳಿದವರು ಇದ್ದಾರೆ. 1976ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ, ಹಣ ವಾಪಸ್ ಬಾರದ ಇಂಥ ಚಿತ್ರಗಳಿಗೆ ಸಾಲ ಕೊಟ್ಟಿದ್ದಕ್ಕೆ ಈ ಸಂಸ್ಥೆಯನ್ನು ಟೀಕಿಸಿತು. ಅವರ ಸಿಟ್ಟು ಅರ್ಥ ಆಗುತ್ತೆ. ಆದರೆ ಒಂದು ಸಣ್ಣ ಪಾಯಿಂಟ್ ಇದೆ. ಸಿನಿಮಾ ಮಾಡೋಕೆ ಸಾಲ ಕೊಟ್ಟರು, ತೋರಿಸೋಕೆ ಥಿಯೇಟರ್ ಕೊಡಲಿಲ್ಲ. ಸೇತುವೆ ಕಟ್ಟಿ, ಎರಡೂ ಕಡೆ ರಸ್ತೆ ಹಾಕದೆ, “ನೋಡಿ ಒಬ್ಬರೂ ಓಡಾಡ್ತಿಲ್ಲ” ಅಂತ ಇಂಜಿನಿಯರ್‌ಗೆ ಬೈದ ಹಾಗೆ.

ಸಮಿತಿ ಮಾತ್ರ ಅಲ್ಲ, ಸತ್ಯಜಿತ್ ರಾಯ್ ಅವರೇ ‘ದುವಿಧಾ’ ಬಗ್ಗೆ ಖಾರವಾಗಿ ಬರೆದಿದ್ದರು. ಅಂದ್ರೆ ಕೌಲ್ ಸಿನಿಮಾ ಇಷ್ಟ ಆಗದವರು ದಡ್ಡರು ಅನ್ನೋ ಮಾತು ನಡೆಯಲ್ಲ.

‘ದುವಿಧಾ’ಗೆ ವಾಪಸ್ ಬರ್ತೀನಿ. 1973ರ ಈ ಚಿತ್ರಕ್ಕೆ ನೆರವಾದವರು ಚಿತ್ರಕಲಾವಿದ ಅಕ್ಬರ್ ಪದಮ್‌ಸೀ. ಕಥೆ ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ ಅವರದು, ಶೂಟಿಂಗ್ ನಡೆದಿದ್ದು ಅವರದೇ ಊರು ಬೋರುಂದಾದಲ್ಲಿ. ಕ್ಯಾಮೆರಾ ನವ್ರೋಜ್ ಕಾಂಟ್ರಾಕ್ಟರ್. ಇವರು ಆಮೇಲೆ ನಮ್ಮ ಬೆಂಗಳೂರಿನವರೇ ಆಗಿ, ದಶಕಗಳ ಕಾಲ ಇಲ್ಲೇ ಇದ್ದು, 2023ರಲ್ಲಿ ತೀರಿಕೊಂಡರು. ಈ ಚಿತ್ರಕ್ಕೆ ಕೌಲ್‌ಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು.

ಮದುವೆಯಾದ ಕೂಡಲೇ ಗಂಡ ಐದು ವರ್ಷ ವ್ಯಾಪಾರಕ್ಕೆ ಹೊರಟುಹೋಗ್ತಾನೆ. ಮರದ ಮೇಲಿನ ದೆವ್ವ ಹುಡುಗಿಗೆ ಮನಸೋತು ಗಂಡನ ವೇಷದಲ್ಲಿ ಮನೆಗೆ ಬರುತ್ತೆ. ‘ನಾಗಮಂಡಲ’ದ ರಾಣಿಗೆ ಬಂದವನು ಯಾರು ಅಂತ ಗೊತ್ತಿರಲ್ಲ. ಇಲ್ಲಿ ದೆವ್ವ ಅವಳಿಗೆ ನಿಜ ಹೇಳಿಬಿಡುತ್ತೆ, ತೀರ್ಮಾನ ಅವಳಿಗೇ ಬಿಡುತ್ತೆ. ಅವಳ ಜೀವನದಲ್ಲಿ ಅವಳನ್ನು ಒಂದು ಮಾತು ಕೇಳಿದ್ದು ಆ ದೆವ್ವ ಒಂದೇ. ಕೊನೆಗೆ ನಿಜವಾದ ಗಂಡ ವಾಪಸ್ ಬಂದಾಗ ಊರಿನ ಗಂಡಸರೆಲ್ಲ ಸೇರಿ ಯಾರು ಅಸಲಿ ಅಂತ ಚರ್ಚೆ ಮಾಡ್ತಾರೆ. ಕುರುಬನೊಬ್ಬ ದೆವ್ವವನ್ನು ನೀರಿನ ಚರ್ಮದ ಚೀಲದಲ್ಲಿ ಹಿಡಿದುಹಾಕ್ತಾನೆ. ಅವಳಿಗೇನು ಬೇಕು ಅಂತ ಯಾರೂ ಕೇಳಲ್ಲ.

ಇದೇ ಕಥೆ 2005ರಲ್ಲಿ ಅಮೋಲ್ ಪಾಲೇಕರ್ ನಿರ್ದೇಶನದಲ್ಲಿ ‘ಪಹೇಲಿ’ ಆಯ್ತು. ಶಾರುಖ್, ರಾಣಿ ಮುಖರ್ಜಿ, ಬಣ್ಣ, ಹಾಡು. ಅಲ್ಲಿ ಕೊನೆಗೆ ದೆವ್ವ ಗಂಡನ ಮೈಯೊಳಗೇ ಸೇರಿಕೊಂಡು ಎಲ್ಲರೂ ಸುಖವಾಗಿರ್ತಾರೆ. ನನಗೆ ‘ಪಹೇಲಿ’ ಇಷ್ಟ, ಸುಳ್ಳು ಹೇಳಲ್ಲ. ಆದರೆ ಅದು ನೋಡಿ ಮುಗಿಸಿದ ಮೇಲೆ ಊಟಕ್ಕೆ ಹೋದೆ. ‘ದುವಿಧಾ’ ನೋಡಿದ ಮೇಲೆ ನಮ್ಮ ಅಕ್ಕನ ಮದುವೆ ಮಾತುಕತೆ ನೆನಪಾಯ್ತು. ಹಾಲ್‌ನಲ್ಲಿ ಹನ್ನೆರಡು ಜನ ದೊಡ್ಡವರು ಮಾತಾಡ್ತಿದ್ರು, ಅಕ್ಕ ಕಾಫಿ ಕೊಟ್ಟು ಒಳಗೆ ಹೋದಳು. ಸಿನಿಮಾದಲ್ಲಿ ಆ ಹುಡುಗಿ ಹೆಚ್ಚು ಮಾತೇ ಆಡಲ್ಲ, ಕಥೆಯನ್ನು ಬೇರೆ ಧ್ವನಿ ಹೇಳುತ್ತೆ, ಆಗಾಗ ದೃಶ್ಯ ಫೋಟೋ ಥರ ನಿಂತುಬಿಡುತ್ತೆ. ಹಾಲ್‌ನಲ್ಲಿ ಕೂತಾಗ ಲ್ಯಾಪ್‌ಟಾಪ್ ಹ್ಯಾಂಗ್ ಆಯ್ತೇನೋ ಅಂದುಕೊಂಡಿದ್ವಿ. ಅವಳ ಬದುಕೇ ಹಾಗೆ ನಿಂತಿತ್ತು ಅಂತ ಹೊಳೆದಿದ್ದು ಎರಡು ದಿನ ಬಿಟ್ಟು.

ಕೌಲ್ ಆಮೇಲೆ ಉಸ್ತಾದ್ ಜಿಯಾ ಮೊಹಿಯುದ್ದೀನ್ ಡಾಗರ್ ಹತ್ತಿರ ಧ್ರುಪದ್ ಕಲಿತರು, 1982ರಲ್ಲಿ ‘ಧ್ರುಪದ್’ ಅಂತಲೇ ಒಂದು ಚಿತ್ರ ಮಾಡಿದರು. 1991ರಲ್ಲಿ ದಾಸ್ತೊಯೆವ್‌ಸ್ಕಿಯ ‘ಈಡಿಯಟ್’ ಕಾದಂಬರಿಯನ್ನು ದೂರದರ್ಶನಕ್ಕೆ ಮಾಡಿದಾಗ ಅದರಲ್ಲಿ ಇನ್ನೂ ಸ್ಟಾರ್ ಆಗದ ಶಾರುಖ್ ಇದ್ದ. ವಿನೋದ್ ಕುಮಾರ್ ಶುಕ್ಲ ಅವರ ಕಾದಂಬರಿ ಆಧರಿಸಿದ ‘ನೌಕರ್ ಕೀ ಕಮೀಜ್’ ಬಂದಿದ್ದು 1999ರಲ್ಲಿ. 2011ರಲ್ಲಿ ಕೌಲ್ ತೀರಿಕೊಂಡರು. ನಡುವಿನ ಹನ್ನೆರಡು ವರ್ಷ ಹಿಂದಿಯಲ್ಲಿ ಅವರ ಇನ್ನೊಂದು ಫೀಚರ್ ಫಿಲಂ ಬರಲಿಲ್ಲ. ವೇಸ್ಟ್ ಅಂತ ಕರೆಯೋದಿದ್ರೆ ನಾನು ಇದನ್ನು ಕರೀತೀನಿ.

ರೂಮ್‌ಮೇಟ್ ಇಷ್ಟೆಲ್ಲ ಕೇಳಿ, “ಥಿಯೇಟರ್ ಕೊಟ್ಟಿದ್ರೂ ನಲವತ್ತರಲ್ಲಿ ಒಂಬತ್ತೇ ಅಲ್ವಾ?” ಅಂದ. ಹೌದು. ಆದರೆ ಐವತ್ತು ವರ್ಷ ಹಳೇ ಸಿನಿಮಾ, ನಮ್ಮದಲ್ಲದ ಭಾಷೆ, ಮಸುಕು ಪ್ರಿಂಟ್, ಕೆಟ್ಟ ಸ್ಪೀಕರ್, ಮರುದಿನ ಇಂಟರ್ನಲ್ಸ್. ಅಷ್ಟಿದ್ದೂ ಒಂಬತ್ತು. ನಿದ್ದೆ ಹೋದವನನ್ನು ಬಿಟ್ಟರೆ ಎಂಟು. ನನಗೆ ಇದು ಕೆಟ್ಟ ರೀಡಿಂಗ್ ಅನಿಸಲಿಲ್ಲ.

ಕನ್ನಡದಲ್ಲೂ ಕಥೆ ಬೇರೆ ಏನಿಲ್ಲ. ನಮ್ಮ ಸರ್ಕಾರವೂ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತೆ. ಪ್ರಶಸ್ತಿ ಬಂದ ಎಷ್ಟೋ ಕನ್ನಡ ಚಿತ್ರಗಳ ಹೆಸರು ಪೇಪರ್‌ನಲ್ಲಿ ಓದ್ತೀವಿ, ನೋಡೋಣ ಅಂದ್ರೆ ಎಲ್ಲೂ ಇರಲ್ಲ. ಮಾಡೋದಕ್ಕೆ ಕೊಡೋ ದುಡ್ಡಿನಲ್ಲಿ ಒಂದು ಪಾಲು ತೋರಿಸೋದಕ್ಕೂ ಇಡಬೇಕು ಅನ್ನೋದಷ್ಟೇ ನನ್ನ ಮಾತು.

ಸರ್ಕಾರ ಯಾವಾಗ ಇಡುತ್ತೋ ನೋಡೋಣ. ನಮ್ಮ ಹತ್ತಿರ ಸೆಮಿನಾರ್ ಹಾಲ್ ಅಂತೂ ಇದೆ. ಮುಂದಿನ ತಿಂಗಳು ‘ಉಸ್ಕಿ ರೋಟಿ’ ಹಾಕೋಣ ಅಂತ ಕ್ಲಬ್‌ನಲ್ಲಿ ಕೇಳಿದ್ದೀನಿ. ಎದ್ದು ಹೋಗಬಾರದು ಅಂತ ಏನೂ ಇಲ್ಲ. ಆದರೆ ಹೋಗುವಾಗ ಬಾಗಿಲ ಹತ್ತಿರ ಇಟ್ಟಿರೋ ಚೀಟಿಯಲ್ಲಿ ಯಾವ ಶಾಟ್‌ಗೆ ಎದ್ದಿರಿ ಅಂತ ಬರೆದುಹೋಗಿ. ರೂಮ್‌ಮೇಟ್ ಬರ್ತೀನಿ ಅಂದಿದ್ದಾನೆ, ಚೀಟಿ ಬರೆಯೋಕೆ.