ಎಲ್ಲೆಲ್ಲೂ ಇದ್ದ ಕಾರು ಎಲ್ಲಿ ಹೋಯಿತು?

ಮಹಾರಾಜರ ಕಾಲದ ಕಾರು ನೋಡಬೇಕೆಂದರೆ ವಸ್ತುಸಂಗ್ರಹಾಲಯಗಳಿವೆ. ವಿಂಟೇಜ್ ಕಾರುಗಳ ರ‍್ಯಾಲಿ ಮೈಸೂರಿಗೆ ಬಂದರೆ ಜನ ಸಾಲುಗಟ್ಟಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆದರೆ ಒಂದು ಕಾಲಕ್ಕೆ ನಂಜನಗೂಡಿನ ಬೀದಿಬೀದಿಯಲ್ಲೂ ನಿಂತಿರುತ್ತಿದ್ದ ಮಾರುತಿ 800 ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಶ್ರೀಕಂಠೇಶ್ವರನ ದರ್ಶನಕ್ಕೆ ಬರುವವರನ್ನು ಹೊತ್ತು ತರುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿ ಎಲ್ಲಿ? ತಿ.ನರಸೀಪುರದ ಸಂತೆಗೆ ತರಕಾರಿ ಮೂಟೆ, ಮದುವೆ ಮನೆಗೆ ಪಾತ್ರೆ, ಆಸ್ಪತ್ರೆಗೆ ರೋಗಿ ಎಲ್ಲವನ್ನೂ ಸಾಗಿಸುತ್ತಿದ್ದ ಓಮ್ನಿ ಎಲ್ಲಿ?

ಅಪರೂಪದ ವಸ್ತು ಮೊದಲ ದಿನದಿಂದಲೂ ಅಪರೂಪ. ಅದಕ್ಕೆ ಕಾಯುವವರು ಇರುತ್ತಾರೆ. ಎಲ್ಲರ ಮನೆಯಲ್ಲೂ ಇದ್ದದ್ದು ಹಾಗಲ್ಲ. ಅದು ಹೋದದ್ದೇ ಗೊತ್ತಾಗುವುದಿಲ್ಲ. ನಂಜನಗೂಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸಬಾಳೆ ಒಂದು ಕಾಲಕ್ಕೆ ಇಲ್ಲಿನ ತೋಟಗಳ ಸಾಮಾನ್ಯ ಬೆಳೆ. ಸೊರಗು ರೋಗ ಬಂದು ತೋಟಗಳು ಬರಿದಾದ ಮೇಲೆ ಅದರ ಬೆಲೆ ತಿಳಿಯಿತು. ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಹಣ್ಣು ಸಿಗುವುದು ಕಷ್ಟ. ನಮ್ಮ ರಸ್ತೆಯ ಕಾರುಗಳ ಕಥೆಯೂ ಸುಮಾರಾಗಿ ಅದೇ ದಾರಿ ಹಿಡಿದಿದೆ.

ಸ್ವಲ್ಪ ಇಸವಿಗಳನ್ನು ನೋಡೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿಯಿತು. ಫಿಯೆಟ್ 1100 ಮಾದರಿಯ ಪ್ರೀಮಿಯರ್ ಪದ್ಮಿನಿಯನ್ನು ನಮ್ಮ ಹಿರಿಯರು ಇಂದಿಗೂ ‘ಫಿಯೆಟ್’ ಎಂದೇ ಕರೆಯುತ್ತಾರೆ. 1983ರ ಡಿಸೆಂಬರ್ 14ರಂದು ಮಾರುತಿ 800 ಬಂತು. 796 ಸಿ.ಸಿ. ಸಾಮರ್ಥ್ಯದ, ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಮಧ್ಯಮ ವರ್ಗದ ಮೇಷ್ಟ್ರು, ಗುಮಾಸ್ತರು, ಅಂಗಡಿಯವರು ಕಾರಿನ ಕನಸು ಕಾಣಲು ಶುರುಮಾಡಿದ್ದೇ ಅಲ್ಲಿಂದ. ಮರುವರ್ಷ ಅದೇ ಎಂಜಿನ್ ಹೊತ್ತು ವ್ಯಾನ್ ಬಂತು. ಅದೇ ಮುಂದೆ ಓಮ್ನಿ ಆಯಿತು.

2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತಿತು. ಈಗ ಪದವಿ ಓದುತ್ತಿರುವ ನಾವೆಲ್ಲ ಆಗ ಪ್ರಾಥಮಿಕ ಶಾಲೆಯಲ್ಲಿದ್ದೆವು. 2018ರಲ್ಲಿ ಇಂಡಿಕಾ, 2019ರಲ್ಲಿ ಓಮ್ನಿ ಮತ್ತು ಟಾಟಾ ಸುಮೊ ಹೋದವು. ನಮ್ಮದೇ ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್ ಐದೇ ವರ್ಷಕ್ಕೆ ನಿಂತಿತ್ತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ವಿದಾಯ ಹೇಳಿದಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ನಮ್ಮ ತಾಲ್ಲೂಕಿನ ಕೊನೆಯ ಅಂಬಾಸಿಡರ್ ಟ್ಯಾಕ್ಸಿ ನಿಂತ ದಿನವನ್ನು ಯಾರೂ ಬರೆದಿಡಲಿಲ್ಲ.

ಇವು ಹೋದದ್ದು ಅನ್ಯಾಯ ಎಂದು ವಾದಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಕಾರಣಗಳು ಸರಿಯಾಗಿಯೇ ಇವೆ. ಓಮ್ನಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನಿಂದ ಬರುವ ಲಾರಿಗೂ ನಡುವೆ ಒಂದು ತಗಡು ಬಿಟ್ಟರೆ ಏನಿರಲಿಲ್ಲ. ಅದರಲ್ಲಿ ಹದಿನೈದು ಮಕ್ಕಳನ್ನು ತುಂಬಿ ಶಾಲೆಗೆ ಕರೆದೊಯ್ಯುವುದನ್ನು, ಅಡುಗೆ ಅನಿಲ ತುಂಬಿಸಿ ಓಡಿಸುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂತು. ಹಳೆಯ ವಿನ್ಯಾಸಗಳಿಗೆ ಇವನ್ನು ದಾಟುವ ಶಕ್ತಿ ಇರಲಿಲ್ಲ. ಹೊಗೆ ಕುಡಿಯುವುದು ನಮ್ಮ ಶ್ವಾಸಕೋಶ, ಅಪಘಾತದಲ್ಲಿ ಹೋಗುವುದು ನಮ್ಮ ಜೀವ. ನೆನಪು ಸಿಹಿಯಾಗಿದೆ ಎಂಬ ಕಾರಣಕ್ಕೆ ಇದನ್ನು ಮರೆಯಬಾರದು.

ಉಳಿದಿದ್ದ ಕಾರುಗಳನ್ನು ಮನೆಯಿಂದ ಹೊರಹಾಕಿದ್ದು ಲೆಕ್ಕಾಚಾರ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕಿದ್ದ 600 ರೂಪಾಯಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. ಅದರ ಜೊತೆಗೆ ಹಸಿರು ತೆರಿಗೆ, ವಿಮೆ, ಟೈರು, ಬ್ಯಾಟರಿ. ಮಾರಿದರೆ ಬರುವ ಹಣಕ್ಕೂ ಉಳಿಸಿಕೊಳ್ಳಲು ಮಾಡುವ ಖರ್ಚಿಗೂ ತಾಳೆಯಾಗದಿದ್ದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸುತ್ತಿಲ್ಲ. ಹಾಗಾಗಿ ಕಚೇರಿಗಳ ಆವರಣದಲ್ಲಿ ನಿಂತಿದ್ದ ಬಿಳಿ ಅಂಬಾಸಿಡರ್‌ಗಳೂ ಗುಜರಿಯ ದಾರಿ ಹಿಡಿದವು.

ಹಾಗಾದರೆ ಬೇಸರ ಯಾಕೆ? ನನ್ನ ಬೇಸರ ತಗಡಿನ ಬಗ್ಗೆ ಅಲ್ಲ, ಆ ಕಾರುಗಳ ಜೊತೆ ಹೋದ ದುಡಿಮೆಯ ಬಗ್ಗೆ.

ನಮ್ಮ ಸೋದರಮಾವ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ಸೆಕೆಂಡ್ ಹ್ಯಾಂಡ್ ಓಮ್ನಿಯೊಂದನ್ನು ಕೊಂಡು ತಲಕಾಡು, ತಿ.ನರಸೀಪುರ, ಮೈಸೂರು ಎಂದು ಬಾಡಿಗೆ ಹೊಡೆದರು. ರಾತ್ರಿ ಹೆರಿಗೆ ನೋವು ಬಂದರೆ ಊರಿನವರು ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. 2008ರಲ್ಲಿ 108 ಆರೋಗ್ಯ ಕವಚ ಬಂದ ಮೇಲೂ ಆ ಅಭ್ಯಾಸ ಬಹಳ ದಿನ ಬಿಡಲಿಲ್ಲ. ಗಾಡಿ ಕೆಟ್ಟರೆ ಸೀಟು ಎತ್ತಿ ಅವರೇ ರಿಪೇರಿಗೆ ಕೂರುತ್ತಿದ್ದರು. ಎಂಜಿನ್ ಇದ್ದದ್ದೇ ಮುಂದಿನ ಸೀಟಿನ ಕೆಳಗೆ. ಆಗದಿದ್ದರೆ ತಿ.ನರಸೀಪುರದ ಗ್ಯಾರೇಜಿನ ಮೆಕ್ಯಾನಿಕ್ ಇದ್ದರು. ಅವರು ಬಾನೆಟ್ ತೆಗೆಯುವ ಮೊದಲೇ ಸದ್ದು ಕೇಳಿ ‘ಕಾರ್ಬುರೇಟರ್ ಕಸ ಕಟ್ಟಿದೆ’ ಎನ್ನುತ್ತಿದ್ದರು. ಆ ಒಂದು ಗಾಡಿಯ ದುಡಿಮೆಯಲ್ಲಿ ಇಬ್ಬರು ಮಕ್ಕಳು ಡಿಗ್ರಿ ಮುಗಿಸಿದರು.

ಇವತ್ತು ಕೆಲಸ ಹುಡುಕುತ್ತಿರುವ ನನ್ನಂಥವನಿಗೆ ಆ ದಾರಿ ಇದೆಯೇ? ಹೊಸ ಗಾಡಿಗೆ ದೊಡ್ಡ ಸಾಲ, ತಿಂಗಳ ಕಂತು. ಕೆಟ್ಟರೆ ಕೈ ಹಾಕುವಂತಿಲ್ಲ, ಕಂಪ್ಯೂಟರ್ ಸ್ಕ್ಯಾನರ್ ಬೇಕು, ಕಂಪನಿಯ ಸರ್ವೀಸ್ ಸೆಂಟರ್ ಬೇಕು. ಕಡಿಮೆ ಬಂಡವಾಳದಲ್ಲಿ, ಯಾರ ಕೈಕೆಳಗೂ ಇಲ್ಲದೆ ದುಡಿಯಲು ಇದ್ದ ಮೆಟ್ಟಿಲೊಂದು ಕಳಚಿಬಿದ್ದಿದೆ. ಸುರಕ್ಷತೆಗಾಗಿ ಆ ಮೆಟ್ಟಿಲು ತೆಗೆದದ್ದು ಸರಿ. ಅದರ ಜಾಗಕ್ಕೆ ಇನ್ನೊಂದನ್ನು ಇಡಲಿಲ್ಲವಲ್ಲ, ತಪ್ಪು ಇರುವುದು ಅಲ್ಲಿ.

ಅತ್ತ ಗ್ಯಾರೇಜಿನ ಮೆಕ್ಯಾನಿಕ್‌ಗಳ ಸ್ಥಿತಿ ನೋಡಿ. ಮೂವತ್ತು ವರ್ಷದ ಅನುಭವ ಇದೆ, ಪ್ರಮಾಣಪತ್ರ ಇಲ್ಲ. ಅವರಿಗೆ ಸ್ಕ್ಯಾನರ್ ಓದಲು ಬರುವುದಿಲ್ಲ. ಇತ್ತ ಐಟಿಐ, ಡಿಪ್ಲೊಮಾ ಮುಗಿಸಿದ ನಮಗೆ ಪ್ರಮಾಣಪತ್ರ ಇದೆ, ಕೈಗೆ ಗ್ರೀಸ್ ಅಂಟಿಲ್ಲ. ಸ್ಕ್ಯಾನರ್ ಕೋಡ್ ತೋರಿಸುತ್ತದೆ, ಕಾರಣ ಹುಡುಕುವುದು ಮನುಷ್ಯನೇ. ಇವರಿಬ್ಬರನ್ನೂ ಒಂದೇ ಶೆಡ್ಡಿನಲ್ಲಿ ಕೂರಿಸಿದರೆ ಇಬ್ಬರಿಗೂ ಅನ್ನ ಸಿಗುತ್ತದೆ. ಐಟಿಐಗಳು ವಾರಕ್ಕೊಂದು ದಿನ ಊರಿನ ಹಿರಿಯ ಮೆಕ್ಯಾನಿಕ್‌ಗಳನ್ನು ಕರೆಸಿ ಪಾಠ ಹೇಳಿಸಲಿ. ಅವರಿಗೆ ಗೌರವಧನ ಕೊಡಲಿ. ಸಂಜೆ ಹೊತ್ತು ಅವರಿಗೂ ಸ್ಕ್ಯಾನರ್, ವಿದ್ಯುತ್ ವಾಹನಗಳ ತರಬೇತಿ ನೀಡಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ದಿನವೂ ಸಾವಿರಾರು ಜನ ಗಾಡಿಗಳಲ್ಲಿ ಬಂದು ಹೋಗುತ್ತಾರೆ. ಆ ಗಾಡಿಗಳನ್ನು ಇಲ್ಲೇ ರಿಪೇರಿ ಮಾಡುವ ಕೈಗಳು ಬೇಡವೇ?

ಎರಡನೆಯ ಮಾತು ದಾಖಲೆಯದು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ, ಸಂತೋಷ. ಆದರೆ ನಮ್ಮ ತಾಲ್ಲೂಕಿನ ಬದುಕು ನಡೆಸಿದ ಗಾಡಿಗಳ ದಾಖಲೆ ಮಾಡಬೇಕಾದವರು ನಾವೇ. ಕೆಎ-09, ಕೆಎ-55 ನಂಬರಿನ ಎಷ್ಟು 800, ಎಷ್ಟು ಓಮ್ನಿ, ಎಷ್ಟು ಅಂಬಾಸಿಡರ್ ನಮ್ಮ ಎರಡು ತಾಲ್ಲೂಕುಗಳಲ್ಲಿ ಉಳಿದಿವೆ? ಪದವಿ ಕಾಲೇಜಿನ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಆಗಿ ಇದನ್ನು ಮಾಡಬಹುದು. ಫೋಟೊ ತೆಗೆಯಿರಿ, ಮಾಲೀಕರನ್ನು ಮಾತಾಡಿಸಿ, ಎಷ್ಟಕ್ಕೆ ಕೊಂಡರು, ಏನು ದುಡಿದರು, ಯಾಕೆ ಮಾರಿದರು ಎಂದು ಬರೆದುಕೊಳ್ಳಿ. ಅರ್ಥಶಾಸ್ತ್ರದ ಪುಸ್ತಕದಲ್ಲಿ ‘ಸ್ವಯಂ ಉದ್ಯೋಗ’ ಎಂದು ಒಂದು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲಿ ಮೈತುಂಬಿಕೊಂಡು ಎದುರಿಗೆ ನಿಲ್ಲುತ್ತದೆ.

ಮನೆಯಲ್ಲಿ ಇನ್ನೂ ಅಂಥ ಕಾರು ಇದ್ದರೆ ಎರಡೇ ದಾರಿ. ಇಟ್ಟುಕೊಳ್ಳುವುದಾದರೆ ನೋಂದಣಿ, ವಿಮೆ, ಹೊಗೆ ತಪಾಸಣೆ ಎಲ್ಲವನ್ನೂ ಸರಿಯಾಗಿಟ್ಟುಕೊಳ್ಳಿ. ಕೊಡುವುದಾದರೆ ರಸ್ತೆಬದಿಯ ಗುಜರಿಗೆ ತೂಕದ ಲೆಕ್ಕದಲ್ಲಿ ಎಸೆಯಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಆ ಗಾಡಿ ಅಥವಾ ಅದರ ನಂಬರ್ ಪ್ಲೇಟ್ ಎಲ್ಲೋ ಯಾವುದೋ ಕೇಸಿನಲ್ಲಿ ಸಿಕ್ಕರೆ ನೋಟಿಸ್ ಬರುವುದು ನಿಮ್ಮ ಮನೆಗೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ, ಹೆಸರೂ ರದ್ದಾಗುತ್ತದೆ. ಹೊಸ ಗಾಡಿ ಕೊಳ್ಳುವಾಗ ಆ ಪ್ರಮಾಣಪತ್ರಕ್ಕೆ ರಿಯಾಯಿತಿಯ ಅವಕಾಶವೂ ಇದೆ.

ಗಾಡಿಗಳು ಹೋಗುತ್ತವೆ, ಹೋಗಲೇಬೇಕು. ನಾಳೆ ನಾವು ಬೆರಗಿನಿಂದ ನೋಡುತ್ತಿರುವ ವಿದ್ಯುತ್ ಕಾರುಗಳೂ ಹಳತಾಗುತ್ತವೆ. ಆದರೆ ಕೆಟ್ಟದ್ದನ್ನು ಸರಿಮಾಡುವ ಕೈ, ಸ್ವಂತ ದುಡಿಮೆಯ ಧೈರ್ಯ, ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವ ಮನಸ್ಸು ಇವು ಗಾಡಿಯ ಜೊತೆ ಗುಜರಿಗೆ ಹೋಗಬೇಕಾಗಿಲ್ಲ. ಆ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಅವರ ಶೆಡ್ಡಿನ ಬಾಗಿಲು ಮುಚ್ಚುವ ಮೊದಲು ಹೋಗಿ ಕೇಳಿ ಕಲಿಯೋಣ.