ಕೊರಿಯಾ ಚಳಿಯೂ ನಮ್ಮೂರ ಅವರೆಯೂ

ಅಕ್ಕನ ಮಗಳು ಈ ಸಲ ಚಳಿಗಾಲದ ರಜೆಗೆ ಕೊರಿಯಾಗೆ ಹೋಗ್ತಾಳಂತೆ. ಅಲ್ಲಿನ ಸೀರಿಯಲ್ ನೋಡಿ ನೋಡಿ ಹುಟ್ಟಿದ ಆಸೆ. "ಜನವರೀಲಿ ಹ್ವಾಚನ್‌ನಲ್ಲಿ ಹೆಪ್ಪುಗಟ್ಟಿದ ಹೊಳೆಗೆ ತೂತು ಕೊರೆದು ಮೀನು ಹಿಡೀತಾರೆ ಮಾವಾ" ಅಂದಳು. ಹೋಗಲಿ ಬಿಡಿ, ಬೇಡ ಅನ್ನೋಕೆ ನಾನ್ಯಾರು? ನನ್ನ ತಕರಾರು ಜನವರಿ ಬಗ್ಗೆ ಮಾತ್ರ.

ಜನವರಿ ಅಂದ್ರೆ ಗೌನಿಪಲ್ಲಿಯಲ್ಲಿ ಅವರೆಕಾಯಿ ಕಾಲ. ಇಬ್ಬನಿ ಕುಡಿದ ಕಾಯಿಯ ಸೊಗಡು ಕೈ ತೊಳೆದರೂ ಹೋಗಲ್ಲ. ನೆನೆಸಿದ ಕಾಳಿನ ಸುತ್ತ ಎಲ್ಲರೂ ಕೂತು ಹಿತಕ್ತಿದ್ವಿ. ಅರ್ಧ ಕಾಳು, ಅರ್ಧ ಊರ ಸುದ್ದಿ. ಈಗ ಅಮ್ಮ ಒಬ್ಬಳೇ ಹಿತಕ್ತಾಳೆ. ಹೋದ ವರ್ಷ ಬೆರಳು ನೋವು ಅಂತ ಅರ್ಧಕ್ಕೇ ಬಿಟ್ಟಿದ್ದಳು.

ತಮಾಷೆ ಏನಂದ್ರೆ, ಕೊರಿಯಾದವರದ್ದೂ ಇದೇ ಕಥೆ. ಚಳಿ ಶುರುವಾಗೋ ಹೊತ್ತಿಗೆ ಮನೆಮಂದಿ, ನೆರೆಯವರು ಸೇರಿ ಕೋಸಿಗೆ ಉಪ್ಪು, ಖಾರ ಹಚ್ಚಿ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ ಹಾಕಿ ಹಂಚಿಕೊಳ್ತಾರೆ. ಅದಕ್ಕೆ ಕಿಮ್ಜಾಂಗ್ ಅಂತ ಹೆಸರು. 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮ ಹಿತಕಿದ ಬೇಳೆಗೆ ಆ ಯೋಗ ಎಲ್ಲಿ ಬರಬೇಕು!

ಅದಕ್ಕೇ ಹೇಳಿದೆ: ನವೆಂಬರ್ ಕೊನೆಗೆ ಹೋಗಮ್ಮ, ಕಿಮ್ಚಿ ಹಾಕೋದು ನೋಡು. ಮೀನು ಇನ್ನೊಂದು ವರ್ಷ ಹಿಡಿಯಬಹುದು. ಸಂಕ್ರಾಂತಿಗೆ ಬಂದು ಅಜ್ಜಿ ಪಕ್ಕ ಕೂತು ಕಾಳು ಹಿತಕು.

"ಟಿಕೆಟ್ ರೇಟು ನೋಡಿ ಹೇಳ್ತೀನಿ ಮಾವಾ" ಅಂದಿದ್ದಾಳೆ.