ರಾತ್ರಿ ರಾತ್ರಿಹಂಗೇ ಇರ್ಲಿ ಬಿಡ್ರಿ

ಈಗಿನ ಫೋನಿನ್ಯಾಗ ನೈಟ್ ಮೋಡ್ ಅಂತ ಒಂದು ಬರ್ತದಲ್ರಿ, ಅದರ ಮ್ಯಾಲ ನಂದೊಂದು ತಕರಾರು ಅದ. ಎರಡು-ಮೂರು ಸೆಕೆಂಡಿನ್ಯಾಗ ಹಲವು ಫೋಟೋ ತಗದು, ಒಂದರ ಮ್ಯಾಲೊಂದು ಕೂಡಿಸಿ, ರಾತ್ರಿ ಹತ್ತು ಗಂಟೇದ ಓಣಿನ ಸಂಜಿ ಐದು ಗಂಟೇದ ಮಾಡಿ ಕೊಡ್ತದ. "ಎಷ್ಟ ಕ್ಲಿಯರ್ ಬಂದದ ನೋಡು" ಅಂತ ಮನ್ಯಾಗ ಎಲ್ರಿಗೂ ಖುಷಿ. ಆದ್ರ ನಾವು ಕಣ್ಣಾರೆ ಕಂಡ ರಾತ್ರಿ ಎಲ್ಲಿ ಹೋತು?

ನಮ್ಮ ರಾಯಚೂರು ಬ್ಯಾಸಗ್ಯಾಗ ರಾತ್ರಿ ಊರು. ಬಿಸಲು 40 ಡಿಗ್ರಿ ದಾಟಿದ ಮ್ಯಾಲ ಮಧ್ಯಾಹ್ನ ನಾಯಿ ಸುದ್ದಾ ನೆಳ್ಳು ಬಿಟ್ಟು ಏಳಂಗಿಲ್ಲ. ಹೊತ್ತು ಮುಳುಗಿದ ಮ್ಯಾಲೇ ಬಜಾರಕ್ಕ ಜೀವ ಬರ್ತದ. ಮಾಳಿಗಿಗೆ ನೀರು ಹೊಡದು, ಹಾಸಗಿ ಹಾಸಿ, ಆಜೂಬಾಜೂದವ್ರು ಕುಂಬಿ ಮ್ಯಾಲಿಂದ ಮಾತಾಡೋದೂ ಆವಾಗೇ. ಹಗಲ ಫೋಟೋ ತಗದ್ರ ಖಾಲಿ ಊರು ಬರ್ತದ, ಅಷ್ಟೇ.

ನಂದು ಮನೀ ಮಟ್ಟದ ಹವ್ಯಾಸ. ಹಳೇ ಕ್ಯಾಮೆರಾ, ಟ್ರೈಪಾಡ್ ಇಲ್ಲ. ಒಂದು ಸೇರು ಜ್ವಾಳ ಬಟ್ಟಿ ಚೀಲಕ್ಕ ಹಾಕಿ ಕುಂಬಿ ಮ್ಯಾಲ ಇಟ್ರ ಕ್ಯಾಮೆರಾ ಅಲುಗಾಡದಂಗ ಕೂಡ್ತದ. ಐಎಸ್‌ಒ 100, ಅಪರ್ಚರ್ 8, ಶಟರ್ 15 ಸೆಕೆಂಡು. ಬಟನ್ ಒತ್ತೋವಾಗ ಕೈ ನಡುಗಬಾರ್ದಂತ 2 ಸೆಕೆಂಡಿನ ಟೈಮರ್. ಚಂದ್ರಗ ಮಾತ್ರ ಈ ಲೆಕ್ಕ ನಡ್ಯಂಗಿಲ್ಲ. ಹುಣ್ಣಿಮಿ ಚಂದ್ರ ಬಿಸಲಾಗ ನಿಂತಿರ್ತಾನ್ರಿ, ಅದಕ್ಕ ಅಪರ್ಚರ್ 11, ಸೆಕೆಂಡಿನ 125ನೇ ಪಾಲು ಸಾಕು. ಇಲ್ಲಂದ್ರ ಬರೇ ಬೆಳ್ಳನ್ನ ಚುಕ್ಕಿ. ಪ್ಯಾರಿಸ್ಸಿನ ರಾತ್ರಿ ಫೋಟೋ ತಗದು 1930ರ ದಶಕದಾಗ ಹೆಸರಾದ ಬ್ರಸಾಯ್, ಶಟರ್ ಹೊತ್ತನ್ನ ಸಿಗರೇಟು ಸುಡೋದ್ರ ಮ್ಯಾಲ ಎಣಸ್ತಿದ್ದನಂತ. ನಾನು ಬಾಯಾಗೇ ಎಣಸ್ತೀನಿ.

ಶಟರ್ ಉದ್ದ ಮಾಡಿದ್ರ ಒಂದು ಚಮತ್ಕಾರ ಆಗ್ತದ. ನಮ್ಮ ಕ್ವಾಟಿ ಬಾಗಿಲ ಮುಂದ 20 ಸೆಕೆಂಡು ಶಟರ್ ತಗದಿಟ್ರ ಹಾದು ಹೋಗೋರು ಫೋಟೋದಾಗ ಬರೋದೇ ಇಲ್ಲ. ಆಟೋ ಒಂದು ಕೆಂಪು ಗೆರಿ ಆಗ್ತದ. ಉಳಿಯೋದು ಅಲುಗಾಡದ್ದು ಮಾತ್ರ: 1294ರ ಶಾಸನ ಹೊತ್ತ ಕ್ವಾಟಿ ಗ್ವಾಡಿ, ಕಂಬ, ಮುಚ್ಚಿದ ಅಂಗಡಿ. ಮತ್ತ, ಕಟ್ಟಿ ಮ್ಯಾಲ ಮಲಗಿದ ಮನಷ್ಯಾ.

ನಂದು ಮುಖ್ಯ ಮಾತು ಇಲ್ಲೇ ಅದ.

ದೇವದುರ್ಗ, ಮಾನ್ವಿ ಬಸ್ ಸ್ಟ್ಯಾಂಡಿನ್ಯಾಗ ರಾತ್ರಿ ನಿಂತು ನೋಡ್ರಿ. ಮಳಿ ಕೈ ಕೊಟ್ಟ ವರ್ಷ, ತುಂಗಭದ್ರಾ ಎಡದಂಡಿ ಕಾಲುವಿ ನೀರು ಕಡೀ ಹೊಲಕ್ಕ ಮುಟ್ಟದ ವರ್ಷ, ಬೆಂಗಳೂರಿಗೆ ಗುಳೆ ಹೊಂಟವ್ರ ಗಂಟು-ಮೂಟಿ ಅಲ್ಲೇ ಇರ್ತಾವ. ಗಂಟಿನ ಮ್ಯಾಲೇ ಕೂಸು ಮಲಗಿರ್ತದ. ಟ್ಯೂಬ್‌ಲೈಟಿನ ಬೆಳಕು, ಉದ್ದನ್ನ ನೆಳ್ಳು. ಕ್ಯಾಮೆರಾ ಹಿಡದವ್ರಿಗೆ "ಭಾರೀ ಫ್ರೇಮ್" ಅನಸ್ತದ. ಒತ್ತಬ್ಯಾಡ್ರಿ ಅಂತೀನಿ ನಾನು. ಎಚ್ಚರಿದ್ದವ್ರನ್ನ ಕೇಳಬಹುದು. ನಿದ್ದಿ ಹತ್ತಿದವ್ರು ಹ್ಞೂಂ ಅಂತ ಹೆಂಗ ಅಂತಾರ?

"ಗುಳೆ ಹೋಗೋರ ಕಷ್ಟ ನಾಕು ಮಂದಿಗೆ ಗೊತ್ತಾಗಬೇಕಲ್ಲ ಅಕ್ಕಾ" ಅಂತ ಹುಡುಗ್ರು ವಾದ ಮಾಡ್ತಾರ. ಖರೇ ಅದ, ಗೊತ್ತಾಗಬೇಕು. ಹಂಗಾದ್ರ ಬಾಜೂಕ ಕೂತು ಮಾತಾಡಸ್ರಿ. ಯಾವೂರು, ಎಷ್ಟು ತಿಂಗಳಿಗೆ ಹೊಂಟೀರಿ, ಮನ್ಯಾಗ ಮುದುಕ್ರನ್ನ ಯಾರು ನೋಡ್ತಾರ ಅಂತ ಕೇಳ್ರಿ. ಆಮ್ಯಾಲ ಅವ್ರು ಒಪ್ಪಿದ್ರ ಮಾರಿ ಎತ್ತಿ ಕೂತಾಗ ತಗೀರಿ. ಕಷ್ಟ ಕಾಣಸ್ತದ, ಮರ್ಯಾದೀನೂ ಉಳೀತದ.

ನಮಗೇ ಹೋಲಿಸಿ ನೋಡ್ರಿ. ಬ್ಯಾಸಗ್ಯಾಗ ನಾವೂ ಮಾಳಿಗಿ ಮ್ಯಾಲ ಮಲಗೋರೇ. ಸೆರಗು ಎತ್ತಾಗೋ, ಕೂದಲು ಎತ್ತಾಗೋ. ಆಚಿ ಮಾಳಿಗಿಯಿಂದ ಯಾರರ ಲೆನ್ಸ್ ತಿರುವಿದ್ರ ಕ್ವಾಟಿ ತನಕ ಕೇಳಂಗ ಜಗಳಾ ತಗೀತೀವಿ. ನಮಗ ಗ್ವಾಡಿ ಅದ, ಕುಂಬಿ ಅದ. ಬಸ್ ಸ್ಟ್ಯಾಂಡಿನ್ಯಾಗ ಮಲಗಿದಾಕಿಗೆ ಇರೋದು ಕತ್ತಲ ಒಂದೇ. ಅದನ್ನೂ ನಾವು ಫೋನಿನ್ಯಾಗ ಬೆಳ್ಳಗ ಮಾಡಿಬಿಟ್ರ ಆಕಿಗೆ ಏನು ಉಳೀತು?

ಹಂಗಂತ ಕ್ಯಾಮೆರಾ ಮಡಚಿ ಇಡ್ರಿ ಅಂತಲ್ಲ. ಶಕ್ತಿನಗರಕ್ಕ ಹೋದ್ರ ಕೃಷ್ಣಾ ನೀರಾಗ ದೀಪ ನಡಗೋದು ಅದ. 1720 ಮೆಗಾವಾಟಿನ ಸ್ಥಾವರ ನಮ್ಮ ಜಿಲ್ಲಾದಾಗೇ ಅದ. ನದಿ ಕಡಿಗೆ ಮಾರಿ ಮಾಡಿ ನಿಲ್ರಿ, ಸ್ಥಾವರದ ಕಡಿಗೆ ಲೆನ್ಸ್ ತಿರುವಬ್ಯಾಡ್ರಿ. ಕತ್ತಲೇ ಬೇಕಂದ್ರ ಮೇ ತಿಂಗಳ ಅಮಾಸಿಗೆ ದೇವದುರ್ಗದ ಕಡೀ ಹಳ್ಳಿಗೆ ಹೋಗ್ರಿ. ಜೋಡಿಗೆ ಮನ್ಯಾವ್ರನ್ನ ಕರಕೊಂಡು ಹೋಗ್ರಿ, ಟಾರ್ಚ್ ಹಿಡಿಯಕರ ಆಗ್ತಾರ. ನಡುರಾತ್ರಿ ದಾಟಿದ ಮ್ಯಾಲ ಐಎಸ್‌ಒ 3200, 15 ಸೆಕೆಂಡು ಇಟ್ಟು ದಕ್ಷಿಣಕ್ಕ ಹಿಡದ್ರ ಆಕಾಶಗಂಗೆ ಬರ್ತದ. ರಾಯಚೂರಿನ ಬೀದಿದೀಪದಾಗ ಅದು ಕಾಣಂಗಿಲ್ಲ.

ಫೋಟೋ ಸ್ವಲ್ಪ ಕಪ್ಪು ಬಂದ್ರ ಬರ್ಲಿ. ಅರ್ಧಕ್ಕರ್ಧ ಕಾಣದಿದ್ರೂ ಅದು ನಮ್ಮೂರ ರಾತ್ರೀನೇ.